ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಕೆಟ್ಟರೆ ದೋಷ ಹುಡುಕುವ ಕ್ರಮ: ಹಾಸನ, ಚಿಕ್ಕಮಗಳೂರಿನ ಹವ್ಯಾಸಿ ಹಾಡುಗಾರರಿಗೆ

ನಮ್ಮ ಕಡೆ ಮನೆಯಲ್ಲಿ ರೆಕಾರ್ಡ್ ಆಗುವ ಭಾವಗೀತೆ, ದೇವರನಾಮ, ಜನಪದ ಗೀತೆಗಳು ಕೆಡುವುದು ಹಾಡುವವರ ತಪ್ಪಿನಿಂದ ಅಲ್ಲ, ಬಹುಪಾಲು ಮೂರೇ ಕಾರಣಗಳಿಂದ: ಕರೆಂಟು, ಮಳೆಗಾಲದ ತೇವ, ಫೋನಿನೊಳಗೆ ಕೇಳದೆಯೇ ಕೆಲಸ ಮಾಡುವ ತಂತ್ರಾಂಶ. ಆದರೆ ದೋಷ ಕೇಳಿಸಿದ ತಕ್ಷಣ ಹೆಚ್ಚಿನವರು ನಾಯ್ಸ್ ರಿಡಕ್ಷನ್ (ತಂತ್ರಾಂಶದಲ್ಲಿ ಗದ್ದಲ ಅಳಿಸುವ ಸೌಲಭ್ಯ) ಒತ್ತುತ್ತಾರೆ, ಇಲ್ಲವೇ ಹೊಸ ಮೈಕ್ ತರಿಸುತ್ತಾರೆ. ಕಾರಣ ಗೊತ್ತಾಗುವ ಮೊದಲು ಇವೆರಡನ್ನೂ ಮಾಡಬೇಡಿ. ನಾಯ್ಸ್ ರಿಡಕ್ಷನ್ ತಂಬೂರಿಯನ್ನೂ ತಿನ್ನುತ್ತದೆ. ಹೊಸ ಮೈಕ್ ಬಂದರೂ ಹಳೆಯ ಗುಂಯ್ ಸದ್ದು ಹಾಗೇ ಉಳಿಯುತ್ತದೆ.

ಏನನ್ನೂ ಮುಟ್ಟುವ ಮೊದಲು

ಮೂರು ತುಣುಕು ರೆಕಾರ್ಡ್ ಮಾಡಿಕೊಳ್ಳಿ. ಒಂದೊಂದೂ 30 ಸೆಕೆಂಡು, ಯಾರೂ ಮಾತಾಡಬಾರದು.

ಮೊದಲನೆಯದು: ಹಾಡುವಾಗ ಹೇಗಿರುತ್ತದೋ ಹಾಗೆಯೇ ಎಲ್ಲವನ್ನೂ ಜೋಡಿಸಿ, ಗೇನ್ (ಮೈಕಿನ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಗುಂಡಿ) ಎಂದಿನಷ್ಟೇ ಇಟ್ಟು. ಎರಡನೆಯದು: ಅದೇ ಜೋಡಣೆ, ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಗೇನ್ ಪೂರ್ತಿ ಇಳಿಸಿ. ಮೂರನೆಯದು: ಗೇನ್ ಮತ್ತೆ ಎಂದಿನಷ್ಟಕ್ಕೆ ತಂದು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪಕ್ಕದ ಕೋಣೆಯಲ್ಲಿಟ್ಟು.

ಮೂರನ್ನೂ ವೈರ್ ಇರುವ ಇಯರ್‌ಫೋನಿನಲ್ಲಿ ಕೇಳಿ. ಮೊದಲನೆಯದರಲ್ಲಿ ಸದ್ದಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ದೋಷ ಕೋಣೆ, ಮೈಕ್ ಅಥವಾ ಕೇಬಲ್‌ನಲ್ಲಿದೆ. ಎರಡನೆಯದರಲ್ಲೂ ಅಷ್ಟೇ ಸದ್ದಿದ್ದರೆ ಇಂಟರ್‌ಫೇಸ್, ಯುಎಸ್‌ಬಿ ಅಥವಾ ಕಂಪ್ಯೂಟರಿನಲ್ಲಿದೆ. ಮೂರನೆಯದರಲ್ಲಿ ಸದ್ದು ಹೋಗಿದ್ದರೆ ಕಾರಣ ಕರೆಂಟು ಅಥವಾ ಫೋನು. ಮೂರೂ ಶುದ್ಧವಾಗಿದ್ದು ಅಪ್‌ಲೋಡ್ ಆದ ಹಾಡು ಮಾತ್ರ ಕೆಟ್ಟಿದ್ದರೆ ಕೊನೆಯ ಭಾಗಗಳನ್ನು ಓದಿ. ಮುಂದಿನ ಪರೀಕ್ಷೆಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲನ್ನೂ ಚಾರ್ಜರನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಯಾವುದರಿಂದ ಹೋಯಿತು ಅನ್ನುವುದು ತಿಳಿಯುವುದಿಲ್ಲ.

ಗುಂಯ್ ಅನ್ನುವ ಸದ್ದು

ನಮ್ಮ ಕರೆಂಟು 50 ಹರ್ಟ್ಸ್‌ನದು. ಹಾಗಾಗಿ ಅದು ಧ್ವನಿಯೊಳಗೆ ನುಸುಳಿದರೆ 50, 100, 150, 250 ಹರ್ಟ್ಸ್‌ಗಳಲ್ಲಿ ಕೇಳಿಸುತ್ತದೆ. ಮೊದಲ ತುಣುಕನ್ನು ಆಡಾಸಿಟಿ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು ಅನಲೈಸ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ನೋಡಿ. ಈ ಅಂಕಿಗಳ ಮೇಲೆ ಚೂಪಾದ ಗೋಪುರಗಳಿದ್ದರೆ ಕರೆಂಟಿನದೇ. ಹಾಗಿಲ್ಲದೆ ಬಲಕ್ಕೆ ಹೋದಂತೆ ಚಪ್ಪಟೆಯಾಗಿ ಹರಡಿಕೊಂಡಿದ್ದರೆ ಅದು ಸುಯ್ಯೆನ್ನುವ ಹಿಸ್, ಅದರ ಕಾರಣ ಬೇರೆ.

ಚಾರ್ಜರ್ ಕಿತ್ತಾಗ ಗುಂಯ್ ನಿಂತರೆ ಮನೆಯ ಅರ್ತ್ ನೋಡಿಸಿ. ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈಯನ್ನು ಬರಿಗಾಲಲ್ಲಿ ನಿಂತು ಸವರಿದರೆ ಜುಂ ಅನ್ನುತ್ತದೆಯೇ? ಹಾಗಾದರೆ ಸಾಕೆಟ್ಟಿಗೆ ಅರ್ತ್ ಬರುತ್ತಿಲ್ಲ, ಅಥವಾ ಚಾರ್ಜರೇ ಎರಡು ಪಿನ್ನಿನದು. ಎಲೆಕ್ಟ್ರೀಷಿಯನ್ ಮಲ್ಟಿಮೀಟರ್ ಹಿಡಿದರೆ ಫೇಸ್‌ನಿಂದ ನ್ಯೂಟ್ರಲ್‌ಗೂ ಫೇಸ್‌ನಿಂದ ಅರ್ತ್‌ಗೂ ಸುಮಾರು 230 ವೋಲ್ಟ್ ತೋರಿಸಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಇದ್ದರೆ ತೊಂದರೆಯಿಲ್ಲ, ಅದಕ್ಕಿಂತ ಬಹಳ ಹೆಚ್ಚಿದ್ದರೆ ರಿಪೇರಿ ಬೇಕು. ಅರಸೀಕೆರೆ, ಕಡೂರು ಕಡೆಯ ಒಣನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ತ್ ಗುಂಡಿ ಒಣಗಿ ನೆಲದ ತಡೆ ಏರುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಜೋಡಣೆ ಮಾರ್ಚ್‌ನಲ್ಲಿ ಗುಂಯ್‌ಗುಡುವುದಕ್ಕೆ ಇದು ಸಾಮಾನ್ಯ ಕಾರಣ. ಗುಂಡಿಗೆ ಎರಡು ಮೂರು ಕೊಡ ನೀರು ಹಾಕಿ, ಮರುದಿನ ಮತ್ತೆ ರೆಕಾರ್ಡ್ ಮಾಡಿ ಹೋಲಿಸಿ.

ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ಟೇಪು ಸುತ್ತುವುದು ಎಂದಿಗೂ ಬೇಡ. ಸದ್ದು ಕೆಲವೊಮ್ಮೆ ನಿಲ್ಲುತ್ತದೆ, ನಿಜ. ಆದರೆ ಮುಂದೆ ಎಲ್ಲಾದರೂ ಇನ್ಸುಲೇಷನ್ ಹೋದರೆ ಮೈಕ್ ಹಿಡಿದವರ ಕೈಗೇ 230 ವೋಲ್ಟ್ ಬರುತ್ತದೆ. ಕೀಬೋರ್ಡ್, ಮಿಕ್ಸರ್, ಲ್ಯಾಪ್‌ಟಾಪ್ ಬೇರೆ ಬೇರೆ ಗೋಡೆಯ ಸಾಕೆಟ್ಟಿನಲ್ಲಿದ್ದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಬೇರೆ ಬೇರೆ ಅರ್ತ್ ದಾರಿಗಳ ನಡುವೆ ಕರೆಂಟು ಸುತ್ತುವುದರಿಂದ ಬರುವ ಗುಂಯ್, ಅಂದರೆ ಗ್ರೌಂಡ್ ಲೂಪ್, ಅರ್ಧಕ್ಕರ್ಧ ಅಲ್ಲೇ ಬಗೆಹರಿಯುತ್ತದೆ. ಆಮೇಲೂ ಕೀಬೋರ್ಡ್ ಲೈನಿನಲ್ಲಿ ಉಳಿದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಕೀಬೋರ್ಡಿಗೂ ಮಿಕ್ಸರಿಗೂ ನಡುವೆ ಇಡುವ ಚಿಕ್ಕ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಒತ್ತಿ. ಇದು ಸಿಗ್ನಲ್ಲಿನ ಗ್ರೌಂಡ್ ಮಾತ್ರ ಬಿಡಿಸುವುದರಿಂದ ಅಪಾಯವಿಲ್ಲ.

ಗುಂಯ್ ಮೃದುವಾಗಿರದೆ ಗರಗರ ಅನ್ನುತ್ತಿದ್ದರೆ ಯುಪಿಎಸ್ ಮೇಲೆ ಅನುಮಾನಪಡಿ. ಸ್ಕ್ವೇರ್ ವೇವ್ ಯುಪಿಎಸ್ ಕರೆಂಟು ಹೋದಾಗ ಕೊಡುವ ಅಲೆಯಲ್ಲಿ 150, 250, 350 ಹರ್ಟ್ಸ್‌ಗಳು ಜೋರಾಗಿರುತ್ತವೆ. ಕರೆಂಟು ಇಲ್ಲದಾಗ ಲ್ಯಾಪ್‌ಟಾಪನ್ನು ಅದರದೇ ಬ್ಯಾಟರಿಯಲ್ಲಿ, ಇಂಟರ್‌ಫೇಸನ್ನು ಯುಎಸ್‌ಬಿಯಿಂದಲೇ ಓಡಿಸಿ. ಆಗ ಯುಪಿಎಸ್ಸಿನ ದಾರಿಯೇ ತಪ್ಪುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ಓಡುವ ಮನೆಗಳಲ್ಲಿ, ಬೋರ್‌ವೆಲ್ ಮೋಟಾರ್ ಇರುವ ತೋಟಗಳಲ್ಲಿ ಸ್ಟಾರ್ಟರ್ ಒತ್ತಿದ ಕ್ಷಣಕ್ಕೆ ಟಕ್ ಅನ್ನುವ ಸದ್ದು ಕೂಡ ಹೀಗೆಯೇ ಬರುತ್ತದೆ. ಫ್ರಿಜ್ಜಿನ ಕಂಪ್ರೆಸರೂ ಅಷ್ಟೇ. ರೆಕಾರ್ಡಿಂಗ್ ಹೊತ್ತಿಗೆ ಫ್ರಿಜ್ ಆರಿಸಿ, ಸ್ಕೂಟರ್ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟುಬಿಡಿ, ಮತ್ತೆ ಹಾಕುವುದು ಮರೆಯುವುದಿಲ್ಲ.

ಡ್ರ್‌ರ್, ಡ್ರ್‌ರ್ ಅಂತ ತುಂಡು ತುಂಡಾಗಿ ಬಂದರೆ ಅದು ಫೋನು. 2ಜಿ ಫೋನು ಸೆಕೆಂಡಿಗೆ 217 ಸಲ ಮಿಡಿಯುತ್ತ ಸಿಗ್ನಲ್ ಕಳಿಸುತ್ತದೆ, ಆ ಮಿಡಿತವನ್ನು ಮೈಕ್ ಕೇಬಲ್ ಹಿಡಿದುಕೊಳ್ಳುತ್ತದೆ. ಮೂಡಿಗೆರೆ, ಸಕಲೇಶಪುರ, ಕಳಸದ ಗುಡ್ಡಗಳ ಮರೆಯಲ್ಲಿ ಟವರ್ ಸಿಗದೆ ಫೋನು 2ಜಿಗೆ ಇಳಿದು ಪೂರ್ತಿ ಶಕ್ತಿಯಲ್ಲಿ ಕೂಗುತ್ತಿರುತ್ತದೆ, ಅದಕ್ಕೇ ಪೇಟೆಗಿಂತ ಅಲ್ಲಿ ಈ ಕಾಟ ಜಾಸ್ತಿ. ಪರಿಹಾರ ಏರೋಪ್ಲೇನ್ ಮೋಡ್, ಬೇರೇನಿಲ್ಲ.

ಹೊಸದಾಗಿ ಹಾಡಲು ಆಗದ ರೆಕಾರ್ಡಿಂಗ್ ಆಗಿದ್ದರೆ ಮಾತ್ರ ಒಂದೇ ಕಂಪನವನ್ನು ಕತ್ತರಿಸುವ ನಾಚ್ ಫಿಲ್ಟರ್ ಬಳಸಿ. ಆಗಲೂ 150 ಹರ್ಟ್ಸ್ ಬಳಿ ಎಚ್ಚರ ಬೇಕು. ಡಿ ಶ್ರುತಿಯಲ್ಲಿ ಹಾಡುವ ಗಂಡಸರ ಷಡ್ಜ 146.8 ಹರ್ಟ್ಸ್. ಫಿಲ್ಟರ್ ಅಗಲವಾದರೆ ಆಧಾರ ಸ್ವರವೇ ಸೊರಗುತ್ತದೆ. ಕ್ಯೂ (ಹೆಚ್ಚಿದಷ್ಟೂ ಫಿಲ್ಟರ್ ಕಿರಿದು) 30ಕ್ಕಿಂತ ಕಡಿಮೆ ಇಡಬೇಡಿ.

ಮಳೆಗಾಲದ ಪಟಪಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಭಾಗದಲ್ಲಿ ಕಂಡೆನ್ಸರ್ ಮೈಕಿನಿಂದ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಸದ್ದು ಬರತೊಡಗುತ್ತದೆ. ಕೇಬಲ್ ಅಲುಗಾಡಿಸಿದರೆ ಹೆಚ್ಚು ಕಡಿಮೆಯಾದರೆ ಕೇಬಲ್ಲಿನ ಬೆಸುಗೆ ಬಿಟ್ಟಿದೆ. ಅಲುಗಾಡಿಸಿದರೂ ಏನೂ ಬದಲಾಗದೆ, ಅರ್ಧ ಗಂಟೆ ಕಳೆದಂತೆ ತಾನೇ ಕಡಿಮೆಯಾದರೆ ಒಳಗೆ ತೇವ ಸೇರಿದೆ. ಕಂಡೆನ್ಸರ್ ಮೈಕಿನ ತೆಳುಪೊರೆಯ ಹಿಂದೆ ವಿದ್ಯುತ್ ಚಾರ್ಜ್ ನಿಂತಿರಬೇಕು. ತೇವದ ದೆಸೆಯಿಂದ ಆ ಚಾರ್ಜ್ ಅಲ್ಲಲ್ಲಿ ಸೋರುವಾಗ ಈ ಪಟಪಟ ಹುಟ್ಟುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿ ಮೈಕ್ ಇಟ್ಟು, ಜೊತೆಗೆ ಬಟ್ಟೆಯ ಚೀಲದಲ್ಲಿ 100 ಗ್ರಾಂ ಸಿಲಿಕಾ ಜೆಲ್ ಹಾಕಿ, ಒಂದು ರಾತ್ರಿ ಬಿಡಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಮನೆಯಲ್ಲಿ ಬೇಡ. ಹಸಿರಾದ ಜೆಲ್ಲನ್ನು ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಮೈಕನ್ನು ಒಲೆಯ ಪಕ್ಕ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ, ಪೊರೆ ಸಡಿಲವಾಗುತ್ತದೆ. ಹಾಡುವ ಅರ್ಧ ಗಂಟೆ ಮೊದಲೇ ಡಬ್ಬಿಯಿಂದ ತೆಗೆದು ಕೋಣೆಯಲ್ಲಿಡಿ.

ಮಲೆನಾಡಿನ ಮನೆಗೆ ಒಂದೇ ಮೈಕ್ ಕೊಳ್ಳುವುದಾದರೆ ಡೈನಮಿಕ್ ಮೈಕೇ (ಚಾರ್ಜ್ ಬೇಡದ, ಸುರುಳಿ ತಂತಿಯದು) ಸರಿ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಅದಕ್ಕೆ ತೇವದ ಈ ಕಾಟವಿಲ್ಲ, ದೂರದ ಸದ್ದನ್ನೂ ಕಡಿಮೆ ಹಿಡಿಯುತ್ತದೆ. ಆದರೆ ಸಿಗ್ನಲ್ ಸಣ್ಣದಾದ್ದರಿಂದ 50ರಿಂದ 60 ಡೆಸಿಬೆಲ್ ಗೇನ್ ಬೇಕು. ಅಷ್ಟು ಗೇನ್ ಶುದ್ಧವಾಗಿ ಕೊಡಲಾಗದ ಇಂಟರ್‌ಫೇಸಿನಲ್ಲಿ ಸುಯ್ಯೆನ್ನುವ ಹಿಸ್ ಬರುತ್ತದೆ. ಬಾಯಿಯನ್ನು ಮೈಕಿಗೆ ನಾಲ್ಕು ಬೆರಳಿನಷ್ಟು ಹತ್ತಿರ ತಂದರೆ ಗೇನ್ ಇಳಿಸಬಹುದು. ದೂರ ಅರ್ಧವಾದರೆ ಧ್ವನಿ 6 ಡೆಸಿಬೆಲ್ ಏರುತ್ತದೆ.

ಇನ್ನು ಮಳೆಯ ಸದ್ದೇ ಒಳಬರುವುದು. ಜಿಂಕ್ ಶೀಟಿನ ಕೆಳಗೆ ಮಳೆ ಹೊಯ್ಯುವಾಗ ರೆಕಾರ್ಡ್ ಮಾಡಿದ್ದನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ಮಳೆಯ ಸದ್ದು ಎಲ್ಲ ಕಂಪನಗಳಲ್ಲೂ ಹರಡಿರುವುದರಿಂದ ಅದನ್ನು ತೆಗೆಯಹೋದರೆ ಸ, ಶ, ಷ ಅಕ್ಷರಗಳೂ ಜೊತೆಗೆ ಹೋಗುತ್ತವೆ. ಮಳೆ ಬಿಟ್ಟಾಗ ಹಾಡಿ, ಇಲ್ಲವೇ ಆರ್‌ಸಿಸಿ ಇರುವ ಕೋಣೆಗೆ ಹೋಗಿ. ಜೀರುಂಡೆ ಸದ್ದು ಹಾಗಲ್ಲ. ಅದು ಸಾಮಾನ್ಯವಾಗಿ 4 ಕಿಲೊಹರ್ಟ್ಸ್‌ಗಿಂತ ಮೇಲೆ, ಕಿರಿದಾದ ಪಟ್ಟಿಯಲ್ಲಿ ಇರುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಆ ಪಟ್ಟಿ ಹುಡುಕಿ 6 ಡೆಸಿಬೆಲ್ ಇಳಿಸಿದರೆ ಹಾಡಿಗೆ ಹೆಚ್ಚು ನೋವಾಗದೆ ಹಿಂದೆ ಸರಿಯುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿದರೆ ತಂಬೂರಿ ಮಾಯ

ಹಾಡುವಾಗ ಕೋಣೆಯಲ್ಲಿ ಶ್ರುತಿಪೆಟ್ಟಿಗೆ ಚೆನ್ನಾಗಿ ಕೇಳಿಸುತ್ತಿರುತ್ತದೆ, ರೆಕಾರ್ಡಿಂಗ್‌ನಲ್ಲಿ ಇಲ್ಲವೇ ಇಲ್ಲ. ಅಥವಾ ನೀರೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. ಫೋನಿನ ತಂತ್ರಾಂಶ ತಯಾರಾಗಿರುವುದು ಮಾತಿಗಾಗಿ. ಬದಲಾಗದೆ ಒಂದೇ ಸಮನೆ ಬರುವ ಸದ್ದನ್ನೆಲ್ಲ ಅದು ಫ್ಯಾನು, ಗಾಳಿ ಎಂದು ಎಣಿಸಿ ಅಳಿಸುತ್ತದೆ. ತಂಬೂರಿ, ಶ್ರುತಿಪೆಟ್ಟಿಗೆ, ಹಾರ್ಮೋನಿಯಂನ ಉದ್ದ ಸ್ವರ, ಕೊಳಲಿನ ನಿಲುಗಡೆ ಎಲ್ಲ ಅದರ ಲೆಕ್ಕದಲ್ಲಿ ಗದ್ದಲವೇ.

ಪರೀಕ್ಷೆ ಸುಲಭ. ತಂಬೂರಿ ಒಂದನ್ನೇ 20 ಸೆಕೆಂಡು ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಿ. ಮೊದಲ ಒಂದೆರಡು ಸೆಕೆಂಡು ದಪ್ಪಗಿದ್ದು ಆಮೇಲೆ ತೆಳ್ಳಗಾದರೆ ನಾಯ್ಸ್ ಸಪ್ರೆಷನ್ ಕೆಲಸ ಮಾಡುತ್ತಿದೆ. ಇನ್ನೊಂದು ಲಕ್ಷಣವಿದೆ: ಒಂದು ಸಾಲು ಹಾಡಿ ನಿಲ್ಲಿಸಿದಾಗ ಉಸಿರು, ಗಡಿಯಾರದ ಸದ್ದು ಮೆಲ್ಲಗೆ ಮೇಲೇಳುತ್ತ ಬಂದು, ಮುಂದಿನ ಸಾಲು ಎತ್ತಿದ ಕೂಡಲೇ ಅಡಗಿದರೆ ಅದು ಆಟೊಮ್ಯಾಟಿಕ್ ಗೇನ್. ಇದರ ಕೈಯಲ್ಲಿ ಆಲಾಪದ ಏರಿಳಿತವೆಲ್ಲ ಒಂದೇ ಮಟ್ಟಕ್ಕೆ ಬರುತ್ತದೆ.

ಸಾಮಾಜಿಕ ಜಾಲತಾಣದ ಆ್ಯಪ್ ಒಳಗೇ ರೆಕಾರ್ಡ್ ಬಟನ್ ಒತ್ತುವುದನ್ನು ಬಿಡಿ. ಆಂಡ್ರಾಯ್ಡ್‌ನಲ್ಲಿ ಓಪನ್ ಕ್ಯಾಮೆರಾ ಆ್ಯಪ್ ಹಾಕಿಕೊಂಡು, ವಿಡಿಯೊ ಸೆಟ್ಟಿಂಗ್‌ನಲ್ಲಿ ಆಡಿಯೊ ಸೋರ್ಸ್ ಅನ್ನುವಲ್ಲಿ ಅನ್‌ಪ್ರೊಸೆಸ್ಡ್ ಆರಿಸಿ. ಫೋನು ಅದನ್ನು ಒಪ್ಪದಿದ್ದರೆ ವಾಯ್ಸ್ ರೆಕಗ್ನಿಷನ್ ಆರಿಸಿ ತಂಬೂರಿ ಪರೀಕ್ಷೆ ಮತ್ತೆ ಮಾಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಇದೇ ಕಾಟವಿದೆ: ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ ತೆರೆದು ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಯಾವ ಸೆಟ್ಟಿಂಗೂ ಸಿಗದಿದ್ದರೆ ತಂಬೂರಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತ ಹಾಡಿ, ಅದೇ ಶ್ರುತಿಯ ತಂಬೂರಿ ಫೈಲನ್ನು ಆಮೇಲೆ ಎಡಿಟಿಂಗ್‌ನಲ್ಲಿ ಸೇರಿಸಿ. ನಿಜ ಹೇಳಬೇಕೆಂದರೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಎರಡರ ಮಟ್ಟವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು.

ಕಾಲರ್ ಮೈಕ್ ಚುಚ್ಚಿದರೂ ಫೋನು ತನ್ನ ಮೈಕಿನಿಂದಲೇ ಹಿಡಿಯುತ್ತಿದ್ದರೆ ಪ್ಲಗ್ ನೋಡಿ. ಪ್ಲಗ್ಗಿನ ಮೇಲೆ ಎರಡೇ ಕಪ್ಪು ಗೆರೆಗಳಿದ್ದರೆ ಅದು ಕ್ಯಾಮೆರಾದ್ದು. ಫೋನಿಗೆ ಮೂರು ಗೆರೆಯದು ಬೇಕು, ಅದಕ್ಕೆ ಚಿಕ್ಕ ಅಡಾಪ್ಟರ್ ಸಿಗುತ್ತದೆ.

ಇಯರ್‌ಫೋನಿನಲ್ಲಿ ಧ್ವನಿ ಇದೆ, ಫೋನಿನ ಸ್ಪೀಕರಿನಲ್ಲಿ ಇಲ್ಲ

ಕೇಳುಗರು "ಮ್ಯೂಸಿಕ್ ಬರ್ತಿದೆ, ಹಾಡೇ ಇಲ್ಲ" ಅಂದರೆ ನಂಬಿ. ಇದು ನಿಮಗೆ ಕೇಳಿಸದಿದ್ದರೂ ನಿಜವಾದ ದೋಷ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಪ್ಲಗ್) ಮೈಕಿನಿಂದ ಬರುವ ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ಒಂದೇ ಧ್ವನಿ ಎರಡು ತಂತಿಯಲ್ಲಿ ಹರಿಯುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ಅದನ್ನು ತಪ್ಪು ಕೇಬಲ್ಲಿನಿಂದ ಸ್ಟೀರಿಯೊ ಇನ್‌ಪುಟ್ಟಿಗೆ ಚುಚ್ಚಿದರೆ ನೇರವಾದದ್ದು ಎಡಕ್ಕೆ, ತಲೆಕೆಳಗಾದದ್ದು ಬಲಕ್ಕೆ ಹೋಗಿ ಕೂರುತ್ತದೆ. ಇಯರ್‌ಫೋನಿನಲ್ಲಿ ಎರಡೂ ಬೇರೆ ಬೇರೆ ಕಿವಿಗೆ ಬರುವುದರಿಂದ ಧ್ವನಿ ಕೇಳಿಸುತ್ತದೆ, ಆದರೆ ತಲೆಯ ಮಧ್ಯದಲ್ಲಿ ನಿಲ್ಲದೆ ಎಲ್ಲೋ ಬದಿಯಲ್ಲಿ ಟೊಳ್ಳಾಗಿರುತ್ತದೆ. ಒಂದೇ ಸ್ಪೀಕರಿನ ಫೋನು ಎಡ ಬಲ ಎರಡನ್ನೂ ಕೂಡಿಸುತ್ತದೆ. ಕೂಡಿಸಿದಾಗ ಒಂದನ್ನೊಂದು ಅಳಿಸಿ ಧ್ವನಿ ಸೊನ್ನೆಯಾಗುತ್ತದೆ.

ಧ್ವನಿಯ ಟ್ರ್ಯಾಕನ್ನು ಆಡಾಸಿಟಿಯಲ್ಲಿ ಹಿಗ್ಗಿಸಿ ನೋಡಿ. ಎಡದ ಅಲೆ ಮೇಲೇರಿದಾಗ ಬಲದ್ದು ಕೆಳಗಿಳಿಯುತ್ತಿದ್ದರೆ ಇದೇ ದೋಷ. ಸ್ಪ್ಲಿಟ್ ಸ್ಟೀರಿಯೊ ಟು ಮೋನೊ ಒತ್ತಿ, ಒಂದನ್ನು ಅಳಿಸಿ, ಉಳಿದದ್ದನ್ನು ಮಧ್ಯಕ್ಕೆ ತನ್ನಿ. ಹಾಡು ಉಳಿಯುತ್ತದೆ. ಮುಂದಿನ ಸಲಕ್ಕೆ ಕೇಬಲ್ ಬದಲಿಸಿ: ಇಂಟರ್‌ಫೇಸ್ ಇದ್ದರೆ ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವುದನ್ನೇ ಬಳಸಿ. ಕಡಿಮೆ ಬೆಲೆಯ ಕಂಡೆನ್ಸರ್ ಮೈಕನ್ನು ನೇರ ಲ್ಯಾಪ್‌ಟಾಪಿನ 3.5 ಮಿ.ಮೀ. ತೂತಿಗೆ ಹಾಕುವ ಕೇಬಲ್ ಬೇಡವೇ ಬೇಡ. 48 ವೋಲ್ಟ್ ಕೇಳುವ ಮೈಕಿಗೆ ಅಲ್ಲಿ ಕೆಲವೇ ವೋಲ್ಟ್ ಸಿಗುತ್ತದೆ, ಧ್ವನಿ ಸಣ್ಣಗೆ, ಹಿಸ್ ದೊಡ್ಡದಾಗಿ ಬರುತ್ತದೆ.

ಶ್ರುತಿ ಏರಿದೆ ಅಥವಾ ಇಳಿದಿದೆ

ಸಿ ಶ್ರುತಿಯಲ್ಲಿ ಹಾಡಿದ್ದು ಸಿ ಶಾರ್ಪ್‌ಗೂ ಸೇರದೆ ಡಿಗೂ ಸೇರದೆ ನಡುವೆ ನಿಂತಿದ್ದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದಿದೆ ಎಂಬುದು) ತಪ್ಪಿದೆ. 44.1 ಕಿಲೊಹರ್ಟ್ಸ್‌ನಲ್ಲಿ ಹಿಡಿದದ್ದನ್ನು 48 ಎಂದು ಓದಿದರೆ ಧ್ವನಿ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಏರುತ್ತದೆ, 4 ನಿಮಿಷದ ಹಾಡು ಸುಮಾರು 20 ಸೆಕೆಂಡು ಕುಗ್ಗುತ್ತದೆ. ತಿರುಗುಮುರುಗಾದರೆ ಅಷ್ಟೇ ಇಳಿದು, 21 ಸೆಕೆಂಡು ಹಿಗ್ಗುತ್ತದೆ. ಆದ್ದರಿಂದ ಗಡಿಯಾರ ನೋಡಿದರೇ ದೋಷ ಗೊತ್ತಾಗುತ್ತದೆ. ಪಿಚ್ ಬದಲಿಸಬೇಡಿ. ಟ್ರ್ಯಾಕಿನ ಮೆನುವಿನಲ್ಲಿ ರೇಟ್ ಸರಿಪಡಿಸಿದರೆ ಶ್ರುತಿ, ಕಾಲ ಎರಡೂ ಒಮ್ಮೆಗೇ ಸರಿಯಾಗುತ್ತವೆ. ವಿಡಿಯೊ ಮಾಡುವವರು ಮೊದಲಿನಿಂದಲೇ ಎಲ್ಲ ಕಡೆ 48 ಇಟ್ಟುಕೊಳ್ಳುವುದು ಒಳ್ಳೆಯದು.

ಏರಿಳಿತ ಇಷ್ಟು ದೊಡ್ಡದಲ್ಲದೆ, ಕರೋಕೆ ಟ್ರ್ಯಾಕಿನ ಜೊತೆ ಹಾರ್ಮೋನಿಯಂ ಚೂರು ಕಚ್ಚಾಡುತ್ತಿದ್ದರೆ ಪೆಟ್ಟಿಗೆಯ ರೀಡುಗಳು ಹಳೆಯದಾಗಿವೆ. ಟ್ಯೂನರ್ ಆ್ಯಪ್ ಹಿಡಿದು ಷಡ್ಜ ಎಷ್ಟು ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು) ಆಚೀಚೆ ಇದೆ ನೋಡಿ. 15 ಸೆಂಟ್ ಇಳಿದಿದ್ದರೆ ಟ್ರ್ಯಾಕನ್ನೇ ಚೇಂಜ್ ಪಿಚ್‌ನಲ್ಲಿ 0.15 ಸೆಮಿಟೋನ್ ಇಳಿಸಿ. ರೀಡು ಕೆರೆಯುವ ಕೆಲಸ ತಿಳಿದವರಿಗೇ ಬಿಡಿ.

ಹಾಡು ತಾಳದ ಹಿಂದೆ

ಬ್ಲೂಟೂತ್ ಇಯರ್‌ಫೋನಿನಲ್ಲಿ ಟ್ರ್ಯಾಕ್ ಕೇಳುತ್ತ ಹಾಡಿದ್ದೀರಾ? ಅಲ್ಲೇ 100ರಿಂದ 300 ಮಿಲಿಸೆಕೆಂಡು ಹೋಗಿರುತ್ತದೆ. ವೈರ್ ಇರುವುದನ್ನು ಹಾಕಿ. ವೈರ್ ಇದ್ದೂ ಹಿಂದೆ ಬೀಳುತ್ತಿದ್ದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿ, ಬಫರ್ (ಕಂಪ್ಯೂಟರು ಒಮ್ಮೆಗೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್ಲುಗಳ ಸಂಖ್ಯೆ) 256ಕ್ಕೆ ಇಳಿಸಿ. 48 ಕಿಲೊಹರ್ಟ್ಸ್‌ನಲ್ಲಿ ಅದು 5.3 ಮಿಲಿಸೆಕೆಂಡು ಮಾತ್ರ. ಧ್ವನಿ ಕಟಕಟ ಅಂದರೆ 512ಕ್ಕೆ ಏರಿಸಿ. ಆಡಾಸಿಟಿ ಬಳಸುವವರು ಲೇಟೆನ್ಸಿ (ತಡ) ಕಾಂಪೆನ್ಸೇಷನ್ ಅಳೆದು ಹಾಕಬೇಕು. ಮೆಟ್ರೊನೋಮ್ ಹಾಕಿದ ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ರೆಕಾರ್ಡ್ ಮಾಡಿ, ಎರಡು ಟ್ರ್ಯಾಕಿನ ಟಿಕ್‌ಗಳ ನಡುವಿನ ಅಂತರ ನೋಡಿ. ಮೊದಲೇ ಇರುವ ಮೈನಸ್ 130 ಮಿಲಿಸೆಕೆಂಡನ್ನು ಅಷ್ಟಕ್ಕೆ ತಕ್ಕಂತೆ ತಿದ್ದಿ.

ವಿಡಿಯೊದಲ್ಲಿ ಮೊದಲು ಸರಿಯಿದ್ದು ಕೊನೆಗೆ ಬಾಯಿಗೂ ಹಾಡಿಗೂ ಹೊಂದಿಕೆಯಾಗದಿದ್ದರೆ ಲೇಟೆನ್ಸಿಯ ತಪ್ಪಲ್ಲ. ಫೋನಿನ ವಿಡಿಯೊದಲ್ಲಿ ಫ್ರೇಮ್ ವೇಗ ಒಂದೇ ಸಮ ಇರುವುದಿಲ್ಲ. ವಿಡಿಯೊ ಪರಿವರ್ತಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟೆಂಟ್ 30 ಫ್ರೇಮಿಗೆ ಬದಲಿಸಿಕೊಂಡು ಆಮೇಲೆ ಎಡಿಟ್ ಮಾಡಿ.

ಒಡೆದ ಧ್ವನಿ, ಗುಡಿಯೊಳಗೆ ಹಾಡಿದಂಥ ಧ್ವನಿ

ತಾರಸ್ಥಾಯಿಯಲ್ಲಿ ಒಡೆದರೆ ಗೇನ್ ಹೆಚ್ಚು. ಹಾಡಿನ ಅತಿ ಜೋರಾದ ಸಾಲು ಹಾಡಿ, ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಡಿ. 24 ಬಿಟ್‌ನಲ್ಲಿ ಹಿಡಿದರೆ ಕಡಿಮೆಯಾಯಿತೆಂಬ ಚಿಂತೆ ಬೇಡ. ಒಡೆದದ್ದು ಮತ್ತೆ ಕೂಡುವುದಿಲ್ಲ.

ರೆಡಾಕ್ಸೈಡ್ ಅಥವಾ ಟೈಲ್ಸ್ ನೆಲದ ಖಾಲಿ ಕೋಣೆ ಮಾರ್ದನಿ ಕೊಡುತ್ತದೆ. ಮೊಟ್ಟೆಯ ಟ್ರೇ, ಖಾಲಿ ಗೋಣಿಚೀಲ ಅಂಟಿಸಿ ಪ್ರಯೋಜನವಿಲ್ಲ, ಅವು ತೀರಾ ಹಗುರ. ಎರಡು ಉಣ್ಣೆ ಕಂಬಳಿಗಳನ್ನು ಜೋಡಿಸಿ, ಗೋಡೆಯಿಂದ 10 ಸೆಂ.ಮೀ. ಬಿಟ್ಟು ತೂಗುಹಾಕಿ, ಹಾಡುವವರ ಬೆನ್ನ ಹಿಂದೆ. ಬಹಳ ಮಂದಿ ಮೈಕಿನ ಹಿಂದೆ ಹಾಕುತ್ತಾರೆ. ಕಾರ್ಡಿಯಾಯ್ಡ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ನೋಡುವುದು ಹಾಡುವವರ ಕಡೆಗೆ, ಅವರ ಹಿಂದಿನ ಗೋಡೆಯಿಂದ ಬಂದ ಮಾರ್ದನಿಯೇ ಅದರೊಳಗೆ ಹೋಗುವುದು. ಪ, ಫ, ಬ, ಭ ಬಂದಾಗ ದಬ್ ಅಂದರೆ ಮೈಕನ್ನು ಬಾಯಿಗೆ ನೇರವಾಗಿ ಇಡದೆ ತುಸು ಓರೆಯಾಗಿಡಿ.

ಅಪ್‌ಲೋಡ್ ಮಾಡಿದ ಮೇಲೆ ಕೆಟ್ಟರೆ

ಬೇರೆಯವರ ಹಾಡಿಗಿಂತ ನಿಮ್ಮದು ಮೆಲ್ಲಗಿದೆಯೇ? ಯೂಟ್ಯೂಬ್ ಸರಾಸರಿ ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ಇಳಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಸುಗಮ ಸಂಗೀತಕ್ಕೆ ಮೈನಸ್ 16ರಿಂದ 14, ಪೀಕ್ ಮೈನಸ್ 1 ಇದ್ದರೆ ಸಾಕು. ಅದಕ್ಕಿಂತ ಹಿಂಡಿದರೆ ಹಾಡಿನ ಉಸಿರೇ ಹೋಗುತ್ತದೆ.

ತಾಳದ ಝಣ, ಸಕಾರಗಳು ಮರಳು ಮರಳಾಗಿದ್ದರೆ ಫೈಲು ಹಲವು ಸಲ ಎಂಪಿ3ಯಂಥ ಗುಣ ಕೆಡಿಸುವ ರೂಪಕ್ಕೆ ಕುಗ್ಗಿದೆ. ವಾಟ್ಸಾಪ್‌ನಲ್ಲಿ ಬಂದ ವಿಡಿಯೊವನ್ನೇ ಎಡಿಟ್ ಮಾಡಿ ಏರಿಸಿದರೆ ಹೀಗಾಗುತ್ತದೆ. ತಬಲಾದವರಿಗೆ, ಕೀಬೋರ್ಡಿನವರಿಗೆ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ. 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ ಫೈಲು ನಿಮಿಷಕ್ಕೆ ಸುಮಾರು 17 ಎಂಬಿ, 4 ನಿಮಿಷದ ಹಾಡಿಗೆ 69 ಎಂಬಿ. ತೋಟದ ನೆಟ್‌ವರ್ಕಿಗೆ ಇದು ಭಾರವಾದರೆ ಫ್ಲ್ಯಾಕ್ ಮಾಡಿ, ಗುಣ ಒಂದಿಷ್ಟೂ ಕೆಡದೆ ಗಾತ್ರ ಬಹಳಷ್ಟು ಇಳಿಯುತ್ತದೆ. ಅದೂ ಆಗದಿದ್ದರೆ 320 ಕೆಬಿಪಿಎಸ್ ಎಎಸಿ, ಸುಮಾರು 10 ಎಂಬಿ ಆಗುತ್ತದೆ.

ಏರಿಸಿದ ಗಳಿಗೆಯಲ್ಲೇ ಕಾಪಿರೈಟ್ ಕ್ಲೇಮ್ ಬಂದರೆ ಹೆಚ್ಚಾಗಿ ಕಾರಣ ನೆಟ್‌ನಿಂದ ಇಳಿಸಿದ ಕರೋಕೆ ಟ್ರ್ಯಾಕು. ನೀವೇ ನುಡಿಸಿದ ಹಿನ್ನೆಲೆ ಇದ್ದರೂ ಸಾಹಿತ್ಯ, ರಾಗಸಂಯೋಜನೆಗಳ ಹಕ್ಕು ಬೇರೆ ಇರುತ್ತದೆ. 1957ರ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ ಅದು 2054ರ ಕೊನೆಯವರೆಗೆ ಇದೆ. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಹಕ್ಕಿಲ್ಲ, ಆದರೆ ಇತ್ತೀಚಿನ ಸಂಯೋಜಕರೊಬ್ಬರು ಹಾಕಿದ ಧಾಟಿಗೆ ಇರಬಹುದು. ಕ್ಲೇಮ್ ಬಂದಾಗ ವಿವರ ತೆರೆದು ಎಷ್ಟನೇ ಸೆಕೆಂಡಿನಿಂದ ಎಷ್ಟರವರೆಗೆ, ಧ್ವನಿಮುದ್ರಣಕ್ಕೋ ಸಂಯೋಜನೆಗೋ ಎಂದು ನೋಡಿ. ಧ್ವನಿಮುದ್ರಣಕ್ಕಾದರೆ ಹಿನ್ನೆಲೆಯನ್ನು ಹಾರ್ಮೋನಿಯಂ, ತಬಲಾದಲ್ಲಿ ಹೊಸದಾಗಿ ಹಿಡಿದು ಧ್ವನಿಯ ಟ್ರ್ಯಾಕಿಗೆ ಜೋಡಿಸಿ. ಅದಕ್ಕಾಗಿ ಬಿಡಿ ಟ್ರ್ಯಾಕುಗಳ ಮೂಲ ವೇವ್ ಫೈಲುಗಳನ್ನು ಅಪ್‌ಲೋಡ್ ಆದ ಮೇಲೂ ಅಳಿಸಬೇಡಿ.